ಸಿಳ್ಳೆಯಿಲ್ಲದ ಮೂರು ತಿಂಗಳು

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಪಕ್ಕದ ಮನೆಯವರು ಹೊಸ ಸ್ಕೂಟರ್ ತಂದರೆ ಎರಡು ದಿನ ಅವರಿಗೆ ನಮಸ್ಕಾರ ಹೇಳದ ಮನುಷ್ಯ ನಾನು. ಆದರೆ ಹೋದ ವರ್ಷ ಹದಿನೈದರ ಒಬ್ಬ ಹುಡುಗಿಯ ಮೇಲೆ, ನಾನೇ ಚೆಂಡು ಒದೆಯಲು ಕಲಿಸಿದವಳ ಮೇಲೆ, ನನ್ನ ಹೊಟ್ಟೆ ಉರಿಯಿತು. ಅದಕ್ಕೂ ಮೊದಲು ಅವಳ ಆಟ ನೋಡಲು ಬಂದ ಹೆಂಗಸಿನ ಮೇಲೆ ಉರಿದಿತ್ತು. ಆ ಉರಿಯಲ್ಲಿ ನಾನು ಒಂದು ಸುಳ್ಳು ಹೇಳಿದೆ. ಅದನ್ನು ಯಾರ ಮುಂದೆ ಒಪ್ಪಿಕೊಳ್ಳಬೇಕೋ ಅವರ ಮುಂದೆ ಒಪ್ಪಿಕೊಂಡಾಗಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಾಂಡೇಲಿಯ ಒಂದು ಶಾಲೆಯಲ್ಲಿ ನಾನು ಪಿ.ಟಿ. ಮಾಸ್ತರ. ಬಹಳ ವರ್ಷಗಳಿಂದ ಹುಡುಗಿಯರ ಫುಟ್‌ಬಾಲ್ ತಂಡ ಕಟ್ಟಿಕೊಂಡು ಊರೂರು ಅಲೆಯುತ್ತಿದ್ದೇನೆ. ಅಪ್ಪ ಧಾರವಾಡದ ಕಡೆಯಿಂದ ಬಂದು ಇಲ್ಲಿ ಕಾಗದದ ಮಿಲ್ಲಿಗೆ ಸೇರಿದವನು. ಪಕ್ಕದಲ್ಲಿ ನಿಂತವನ ಮಾತೂ ಕೇಳಿಸದಷ್ಟು ಸದ್ದಿನ ಮಷೀನಿನ ಹತ್ತಿರ ಇಡೀ ಆಯುಷ್ಯ ಕೆಲಸ ಮಾಡಿದ. ಅಲ್ಲಿ ಅವನೂ ಅವನ ಜೊತೆಯವರೂ ಒಂದು ರೂಢಿ ಮಾಡಿಕೊಂಡಿದ್ದರು. ಎರಡು ಬೆರಳು ಬಾಯಿಗಿಟ್ಟು ಜೋರಾಗಿ ಸಿಳ್ಳೆ ಹೊಡೆಯುವುದು, ಸಿಳ್ಳೆ ಕಿವಿಗೆ ಬಿದ್ದವನು ತಿರುಗಿ ನೋಡುವುದು, ಆಮೇಲೆ ಹೇಳಬೇಕಾದ್ದನ್ನು ಕೈಸನ್ನೆಯಲ್ಲಿ ಹೇಳುವುದು. ಮನೆಯಲ್ಲೂ ಅಪ್ಪನದು ಅದೇ ಅಭ್ಯಾಸ. ಊಟಕ್ಕೆ ಒಂದು ಸಿಳ್ಳೆ, ಏಟು ತಿನ್ನಲು ಎರಡು.

ಅದನ್ನೇ ನಾನು ಮೈದಾನಕ್ಕೆ ತಂದೆ. ನಾನು ಗೆರೆಯ ಹೊರಗೆ ನಿಂತು ಸಿಳ್ಳೆ ಹೊಡೆದರೆ, ಚೆಂಡು ಯಾರ ಕಾಲಲ್ಲಿದೆಯೋ ಆ ಹುಡುಗಿ ನನ್ನ ಕಡೆ ನೋಡಬೇಕು. ಬಲಗೈ ಚಾಚಿದರೆ ಚೆಂಡು ಬಲಕ್ಕೆ, ಎಡಗೈ ಚಾಚಿದರೆ ಎಡಕ್ಕೆ, ಮುಷ್ಟಿ ತೋರಿಸಿದರೆ ಗೋಲಿಗೆ. ರೆಫರಿಗಳು ಮೊದಮೊದಲು ಗೊಣಗಿದರು, ಆಮೇಲೆ ಸುಮ್ಮನಾದರು. ಹಳಿಯಾಳ, ಜೋಯಿಡಾ, ಮುಂಡಗೋಡ, ಎಲ್ಲಿ ಹೋದರೂ ಕಪ್ ನಮ್ಮದೇ. ಬೇರೆ ಶಾಲೆಯ ಮಾಸ್ತರರು ನನ್ನನ್ನು ‘ಸಿಳ್ಳಿ ಮಾಸ್ತರ’ ಅಂತ ಚೇಷ್ಟೆ ಮಾಡುತ್ತಿದ್ದರು. ಅವರ ಹುಡುಗಿಯರು ಸೋತು ಅಳುತ್ತ ಹೋಗುವಾಗ ಆ ಹೆಸರು ನನಗೆ ಬಿರುದಿನಂತೆ ಕೇಳಿಸುತ್ತಿತ್ತು.

ಆ ತಂಡದ ಜೀವವೆಂದರೆ ಏಳನೇ ನಂಬರಿನ ಹುಡುಗಿ. ಸಾಂಬ್ರಾಣಿ ಕಡೆಯವಳು, ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಬಂದ ಸಿದ್ದಿ ಜನರ ಮನೆಯವಳು. ಮನೆಯಲ್ಲಿ ಅವ್ವ ಒಬ್ಬಳೇ, ತುಂಡು ಗದ್ದೆ ಇದೆ, ಉಳಿದ ದಿನ ಕೂಲಿಗೆ ಹೋಗುತ್ತಾಳೆ. ಹುಡುಗಿ ಶಾಲೆಗಾಗಿ ದಾಂಡೇಲಿ ಹತ್ತಿರದ ಕೋಗಿಲಬನದಲ್ಲಿ ಸಣ್ಣವ್ವನ ಮನೆಯಲ್ಲಿ ಉಳಿದಿದ್ದಳು. ಅವಳ ಆಟ ನೋಡಿದವರೆಲ್ಲ, “ಬಿಡ್ರಿ, ಅವರ ರಕ್ತದಾಗ ಓಟ ಐತಿ,” ಅನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆರನೇ ಈಯತ್ತೆಗೆ ಬಂದಾಗ ಈ ಹುಡುಗಿ ಚೆಂಡಿನ ಮೇಲೆ ಕಾಲಿಟ್ಟು ಜಾರಿ ಬೀಳುತ್ತಿದ್ದಳು. ನಾಲ್ಕು ವರ್ಷ ಬೆಳಗಾದರೆ ಶಾಲೆಯ ಹಿಂದಿನ ಗೋಡೆಗೆ ಎಡಗಾಲಲ್ಲಿ ಒದ್ದು ಒದ್ದು ಅವಳು ಕಲಿತಳು, ನಾನು ನಿಂತು ಕಲಿಸಿದೆ. ಇದರಲ್ಲಿ ರಕ್ತಕ್ಕೆ ಏನು ಕೆಲಸ?

ಹೀಗಿರುವಾಗ ಆಕೆಯ ಫೋನು ಬಂತು. ಆಕೆ ಅಂದರೆ ದೇಶದ ಕಿರಿಯ ಹುಡುಗಿಯರ ತಂಡದ ಕೋಚ್. ನಮ್ಮ ಮಿಲ್ಲಿನ ಕ್ವಾರ್ಟರ್ಸ್‌ನಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಮನೆ ಆಚೆ ಬೆಳೆದವಳು, ನನಗಿಂತ ಎಂಟು ವರ್ಷ ಚಿಕ್ಕವಳು. ಸಣ್ಣವಳಿದ್ದಾಗ ಆಡಲು ಬರುತ್ತೇನೆಂದು ಗಂಟು ಬಿದ್ದರೆ, ತಂಡದ ಕ್ಯಾಪ್ಟನ್ ಆಗಿದ್ದ ನಾನು ಆಕೆಯನ್ನು ಗೋಲಿನ ಹಿಂದೆ ನಿಲ್ಲಿಸಿ, ಗಟಾರಕ್ಕೆ ಬಿದ್ದ ಚೆಂಡು ತರುವ ಕೆಲಸ ಕೊಡುತ್ತಿದ್ದೆ. ನಾನು ರಾಜ್ಯ ತಂಡದ ಆಯ್ಕೆಯವರೆಗೆ ಹೋಗಿ ವಾಪಸು ಬಂದೆ. ಆಕೆ ಎದೆಯ ಮೇಲೆ ಕೈಯಿಟ್ಟು ರಾಷ್ಟ್ರಗೀತೆ ಹಾಡುವವರ ಸಾಲಿಗೆ ಹೋಗಿ ನಿಂತಳು. ಟಿ.ವಿ.ಯಲ್ಲಿ ಅದನ್ನು ನೋಡಿದ ದಿನ ನಾನು ಊಟ ಬಿಟ್ಟು ಎದ್ದಿದ್ದೆ. ಅನ್ನ ಸರಿಯಾಗಿ ಬೆಂದಿಲ್ಲ ಅಂತ ಹೆಂಡತಿಯ ಮೇಲೆ ಹರಿಹಾಯ್ದಿದ್ದೆ.

“ಅಣ್ಣಾರ, ನಿಮ್ಮ ಏಳನೇ ನಂಬರ್ ಹುಡುಗೀನ್ನ ಒಮ್ಮೆ ನೋಡಬೇಕಂತ ಮಾಡೇನಿ,” ಅಂದಳು ಫೋನಿನಲ್ಲಿ.

ಅಣ್ಣಾರ ಅಂತ ಕರೆಯುವುದನ್ನು ಆಕೆ ಬಿಟ್ಟಿರಲಿಲ್ಲ. ತೊಂದರೆ ನನ್ನದು. ಮೊದಲು ನೀನು ಅನ್ನುತ್ತಿದ್ದವನು ಈಗ ಏನೆನ್ನಬೇಕು? ನೀನು ಅಂದರೆ ಸುತ್ತ ನಿಂತವರು ನಕ್ಕಾರು, ಮೇಡಂ ಅನ್ನಲು ನಾಲಿಗೆ ಹೊರಳುವುದಿಲ್ಲ. ಆದ್ದರಿಂದ ನಾನು ನೀನು, ನೀವು ಎರಡೂ ಇಲ್ಲದ ವಾಕ್ಯಗಳನ್ನು ಹುಡುಕಿ ಹುಡುಕಿ ಮಾತಾಡತೊಡಗಿದೆ. “ಬರೂದು ಯಾವಾಗ? ಊಟದ್ದ ಹೆಂಗ?” ಹೀಗೆ.

ಹಳಿಯಾಳದ ಮೈದಾನದಲ್ಲಿ ಅಲ್ಲಿಯ ತಂಡದ ಜೊತೆ ಒಂದು ಆಟ ಇಟ್ಟುಕೊಂಡೆವು. ಆಕೆ ಬಂದದ್ದೇ ತಡ, ಜನ ಮುತ್ತಿಕೊಂಡು ಫೋಟೊ ತೆಗೆಸಿಕೊಂಡರು. ಅಲ್ಲಿಯ ಹೆಡ್‌ಮಾಸ್ತರರು ನನ್ನ ಭುಜದ ಮೇಲೆ ಕೈಯಿಟ್ಟು, “ಇವ್ರೂ ಒಂದ್ ಕಾಲಕ್ಕ ಸ್ವಲ್ಪ ಆಡ್ತಿದ್ರು,” ಅಂತ ಆಕೆಗೇ ನನ್ನ ಪರಿಚಯ ಮಾಡಿಕೊಟ್ಟರು. ಆಕೆ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳಕ್ಕೆ ಒಂದು ನೆಪ ಸಿಗುತ್ತಿತ್ತು.

ಆಟ ಶುರುವಾಗುವ ಮುಂಚೆ ಆಕೆ ನನ್ನ ಹತ್ತಿರ ಬಂದಳು. “ಅಣ್ಣಾರ, ಇವತ್ತ ಒಂದ್ ಕೆಲಸ ಮಾಡ್ರಿ. ಸಿಳ್ಳಿ ಹೊಡೀಬ್ಯಾಡ್ರಿ. ಕೈನೂ ಮಾಡಬ್ಯಾಡ್ರಿ.”

“ಯಾಕ?”

“ನಾ ಆಕಿ ಆಟ ನೋಡಾಕ ಬಂದೇನಿ. ನಿಮ್ಮ ಆಟ ನಾ ಸಣ್ಣಾಕಿದ್ದಾಗ ನೋಡೇನಲ್ಲ.”

ನಾನು ಕೈಕಟ್ಟಿ ನಿಂತೆ. ಮೊದಲ ಚೆಂಡು ಕಾಲಿಗೆ ಬಂದಾಗ ಹುಡುಗಿ ಗಕ್ಕನೆ ನಿಂತು ನನ್ನ ಕಡೆ ತಿರುಗಿದಳು. ಸಿಳ್ಳೆಗೂ ಮೊದಲೇ ತಿರುಗುವ ಅಭ್ಯಾಸವಾಗಿತ್ತು ಅವಳಿಗೆ. ನಾನು ಸುಮ್ಮನಿದ್ದೆ. ಅಷ್ಟರಲ್ಲಿ ಎದುರಿನವಳು ಚೆಂಡು ಕಸಿದುಕೊಂಡು ಹೋದಳು. ಎರಡನೇ ಸಲ ಹಾಗೇ, ಮೂರನೇ ಸಲವೂ ಹಾಗೇ. ಯಾವ ಹುಡುಗಿಯ ಕಾಲಿನ ಚೆಂಡನ್ನು ಈ ಜಿಲ್ಲೆಯಲ್ಲಿ ಯಾರೂ ಕಸಿಯಲಾರರು ಅಂತ ನಾನು ಹೇಳಿಕೊಂಡು ತಿರುಗುತ್ತಿದ್ದೆನೋ, ಅವಳು ಜಾತ್ರೆಯಲ್ಲಿ ಕೈತಪ್ಪಿದ ಕೂಸಿನಂತೆ ಮೈದಾನದ ನಡುವೆ ನಿಂತುಬಿಟ್ಟಿದ್ದಳು.

ನನಗೆ ಆಗ ಏನನ್ನಿಸಿತು ಅಂತ ಮುಚ್ಚಿಡುವುದಿಲ್ಲ. ನನಗೆ ಖುಷಿಯಾಯಿತು. ನೋಡು, ನಾನಿಲ್ಲದೆ ಇವಳಿಲ್ಲ, ಒಯ್ಯಿ ಈಗ ಅಂತ ಮನಸ್ಸಿನಲ್ಲೇ ಆಕೆಗೆ ಹೇಳಿದೆ. ಅರ್ಧ ಆಟಕ್ಕೆ ಹುಡುಗಿ ಬಂದು, “ಸರ, ಯಾಕ್ರಿ ಕೈ ಮಾಡ್ಲಿಲ್ಲ? ನನ್ನ ಮ್ಯಾಲ ಸಿಟ್ಟಾಗೇರೇನ್ರಿ?” ಅಂದಾಗಲೂ ಆ ಖುಷಿ ಪೂರ್ತಿ ಇಳಿದಿರಲಿಲ್ಲ.

ಆಟ ಮುಗಿದ ಮೇಲೆ ಆಕೆ ಬೇವಿನ ಮರದ ಕಟ್ಟೆಯ ಮೇಲೆ ಕೂತು ನನ್ನನ್ನು ಕರೆದಳು. “ಹದಿನೇಳ ಸರ್ತಿ ನಿಮ್ಮ ಕಡೆ ನೋಡಿದ್ಲು. ಎಣಿಸೇನಿ. ಕಾಲು ಭಾಳ ಚಲೋ ತಯಾರ ಮಾಡೀರಿ ಅಣ್ಣಾರ, ನನ್ನ ಕ್ಯಾಂಪಿನ್ಯಾಗ ಅಂಥಾ ಎಡಗಾಲು ಒಂದೂ ಇಲ್ಲ. ಆದ್ರ ಹೊರದೇಶದಾಗ ಆಡೂ ಮುಂದ ಆಕಿ ಯಾರ ಕಡೆ ನೋಡಬೇಕ್ರಿ? ಅಲ್ಲಿ ಮಂದಿ ಗದ್ದಲದಾಗ ನಾ ಒದರಿದ್ರೂ ಕೇಳ್ಸಂಗಿಲ್ಲ.”

ಇನ್ನು ಮೂರು ತಿಂಗಳು ಕಳೆದರೆ ಆಕೆಯ ತಂಡದ ಕ್ಯಾಂಪ್ ಇತ್ತು. ಅದಕ್ಕೆ ಸ್ವಲ್ಪ ಮೊದಲು ಮುಂಡಗೋಡದಲ್ಲಿ ನಮ್ಮದೊಂದು ಟೂರ್ನಮೆಂಟ್. ಅಲ್ಲಿ ಹುಡುಗಿ ನನ್ನ ಕಡೆ ನೋಡದೆ ಆಡಿದರೆ ಹೆಸರು ಪಟ್ಟಿಗೆ ಸೇರಿಸುತ್ತೇನೆ ಅಂದಳು ಆಕೆ. ಆ ದಿನ ತಾನು ಬರಲಾಗುವುದಿಲ್ಲ, ಬೇರೆ ರಾಜ್ಯದಲ್ಲಿ ಆಯ್ಕೆ ಇದೆ.

“ವಿಡಿಯೋ ಕಳಸ್ತೇನಿ,” ಅಂದೆ.

“ವಿಡಿಯೋದಾಗ ಚೆಂಡು ಕಾಣತೈತಿ, ಕಣ್ಣು ಕಾಣಂಗಿಲ್ಲ. ನೀವ ಹೇಳ್ರಿ ಸಾಕು. ನಿಮ್ಮಕಿಂತಾ ಆಕೀನ್ನ ಬಲ್ಲಾವ್ರು ಯಾರದಾರ?”

ಹೀಗೆ ಆ ಹುಡುಗಿಯ ಭವಿಷ್ಯ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

ಆ ಮೂರು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ಸಿಳ್ಳೆ ಇಲ್ಲ, ಸನ್ನೆ ಇಲ್ಲ. ಕೈ ತಾನಾಗಿಯೇ ಏಳುತ್ತದೆ ಅಂತ ಎರಡೂ ಅಂಗೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದೆ. ವಾರಕ್ಕೊಮ್ಮೆ ಆಕೆಯ ಫೋನು ಬರುತ್ತಿತ್ತು. “ಉತ್ತರಾ ಹೇಳಬ್ಯಾಡ್ರಿ ಅಣ್ಣಾರ, ಪ್ರಶ್ನಿ ಕೇಳ್ರಿ. ಯಾಕ ಅಲ್ಲಿ ಕೊಟ್ಟಿ, ಬ್ಯಾರೆ ಯಾರಿದ್ರು, ಅಂತ ಕೇಳ್ರಿ.” ನಾನು ಮನೆಗೆ ಬಂದು ಬ್ಯಾಗನ್ನು ಮೂಲೆಗೆ ಎಸೆದು, ಎರಡು ದಶಕ ಚೆಂಡು ಒದ್ದವನಿಗೆ ಪ್ರಶ್ನೆ ಕೇಳಲು ಕಲಿಸುತ್ತಾಳೆ ಅಂತ ಬೈದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. “ಅಲ್ರೀ, ನನ್ನ ಮ್ಯಾಲ ಒಂದ್ ದಿನಾನೂ ಇಷ್ಟ ಹೊಟ್ಟಿಕಿಚ್ಚ ಪಡಲಿಲ್ಲಲ್ಲ ನೀವು,” ಅಂತ ನಕ್ಕಳು. ನನಗೆ ನಗು ಬರಲಿಲ್ಲ.

ಮೊದಲ ತಿಂಗಳು ತಂಡ ಹದಗೆಟ್ಟು ಹೋಯಿತು. ಜೋಯಿಡಾದ ಹುಡುಗಿಯರ ಮುಂದೆ ಸೋತೆವು. ಅವರು ನಮ್ಮೆದುರು ಎಂದೂ ಗೆದ್ದವರಲ್ಲ. ಅವರ ಮಾಸ್ತರ ಬಂದು, “ಯಾಕ್ರಿ ಸಿಳ್ಳಿ ಮಾಸ್ತರ, ಹಲ್ಲ ಬಿದ್ದಾವೇನ?” ಅಂತ ಕೇಳಿದ. ನಾನು ಹಲ್ಲು ಕಚ್ಚಿಕೊಂಡು ಟೆಂಪೊ ಹತ್ತಿದೆ.

ಎರಡನೇ ತಿಂಗಳಲ್ಲಿ ಹುಡುಗಿ ಮಾತಾಡತೊಡಗಿದಳು. ಅವಳಿಗೆ ಇಷ್ಟು ದೊಡ್ಡ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. “ಹಿಂದ ಯಾರದಾರ ನೋಡು! ನನಗ ಕೊಡಬ್ಯಾಡ, ಆಕೀಗೆ ಕೊಡು!” ಅಂತ ಕೂಗುತ್ತ ಆಡಿದಳು. ಮಾತಿಗೊಮ್ಮೆ, “ಮೇಡಂ ಹಿಂಗ ಹೇಳ್ಯಾರ್ರಿ ಸರ, ಮೇಡಂ ಹಂಗ ಮಾಡಂತ ಹೇಳ್ಯಾರ್ರಿ.” ಇವಳು ಆಕೆಯನ್ನು ನೋಡಿದ್ದು, ಆಕೆಯ ಮಾತು ಕೇಳಿದ್ದು ಹಳಿಯಾಳದಲ್ಲಿ ಒಂದೇ ಒಂದು ಸಲ, ಅದೂ ಅರ್ಧ ದಿನ. ನಾಲ್ಕು ವರ್ಷ ಮಂಜು, ಕೆಸರು ಅನ್ನದೆ ಬೆಳಿಗ್ಗೆ ಆರಕ್ಕೆ ಬಂದು ನಿಂತವನು ನಾನು. ಅವಳ ಉಗುರು ಕಿತ್ತಾಗ ಅರಿಶಿಣ ಹಚ್ಚಿದವನು ನಾನು. ಈಗ ಮೇಡಂ, ಮೇಡಂ!

ಒಂದು ಸಂಜೆ ನಾನು ತಾಳ್ಮೆಗೆಟ್ಟು, “ಎಡಕ್ಕ ಹೊಡಿ!” ಅಂತ ಒದರಿಬಿಟ್ಟೆ. ಅವಳು ಬಲಕ್ಕೆ ಹೋದಳು. ಬಲಕ್ಕೆ ಹೋದದ್ದೇ ಸರಿಯಾಗಿತ್ತು, ಎಡಗಡೆ ಇಬ್ಬರು ಕಾದು ನಿಂತಿದ್ದರು. ಅದು ನನಗೂ ಕಂಡಿತು. ಆದರೂ ಮಾತು ಕೇಳಲಿಲ್ಲ ಅಂತ ಅವಳಿಗೆ ಮೈದಾನ ಎರಡು ಸುತ್ತು ಓಡುವ ಶಿಕ್ಷೆ ಕೊಟ್ಟೆ. ಅವಳು ಮರುಮಾತಿಲ್ಲದೆ ಓಡಿ ಬಂದು, ಚೆಂಡುಗಳನ್ನು ಬಲೆಯ ಚೀಲಕ್ಕೆ ತುಂಬಿಸಿ, “ಬರ್ತೇನ್ರಿ ಸರ,” ಅಂತ ಹೇಳಿ ಹೋದಳು.

ಮುಂಡಗೋಡದ ಫೈನಲ್ ಭತ್ತದ ಕೊಯ್ಲಿನ ದಿನಗಳಲ್ಲಿ, ಒಂದು ರವಿವಾರ ಬಂತು. ಎದುರಿಗೆ ಅಲ್ಲಿಯ ಟಿಬೆಟನ್ ಕಾಲೊನಿಯ ಹುಡುಗಿಯರು. ಚಿಗರೆಯಂತೆ ಓಡುತ್ತಿದ್ದರು, ಸೋಲುವ ಹೆಣ್ಣುಮಕ್ಕಳಲ್ಲ. ನಾನು ಎಂದಿನಂತೆ ಕೈಗಳ ಮೇಲೆ ಕೂತೆ. ಆ ದಿನ ನಾನು ಚೆಂಡು ನೋಡಲಿಲ್ಲ, ಹುಡುಗಿಯ ಮುಖವನ್ನೇ ನೋಡುತ್ತಿದ್ದೆ. ಮೊದಲ ಅರ್ಧದಲ್ಲಿ ಅವಳು ನನ್ನ ಕಡೆ ತಿರುಗಲಿಲ್ಲ. ಎರಡನೆಯ ಅರ್ಧದಲ್ಲೂ ತಿರುಗಲಿಲ್ಲ. ಮೂರು ತಿಂಗಳು ನಾನೂ ಇದಕ್ಕೇ ಬೆವರು ಸುರಿಸಿದ್ದೆ, ನಿಜ. ಕಣ್ಣಾರೆ ಕಂಡಾಗ ಮಾತ್ರ ತಡೆದುಕೊಳ್ಳಲು ಆಗಲಿಲ್ಲ.

ಆಟ ಮುಗಿಯುತ್ತ ಬಂದಿತ್ತು, ಎರಡೂ ಕಡೆ ಒಂದೊಂದು ಗೋಲು. ಅವಳ ಬೆನ್ನು ಗೋಲಿನ ಕಡೆಗಿದ್ದಾಗ ಚೆಂಡು ಬಂತು. ನಾನಾಗಿದ್ದರೆ ನಿಲ್ಲಿಸಿ ಎಡಕ್ಕೆ ಕೊಡು ಅನ್ನುತ್ತಿದ್ದೆ. ಅವಳು ಅದನ್ನು ಮುಟ್ಟಲೇ ಇಲ್ಲ. ಕಾಲು ಅಗಲಿಸಿ ಚೆಂಡನ್ನು ನಡುವಿನಿಂದ ಹೋಗಲು ಬಿಟ್ಟಳು. ಹಿಂದಿನಿಂದ ಓಡಿ ಬಂದ ಜೊತೆಗಾತಿಗೆ ಅದು ಸಿಕ್ಕಿತು. ಇವಳು ಗರ್ರನೆ ತಿರುಗಿ ಮುಂದೆ ಓಡಿ, ಅದನ್ನೇ ವಾಪಸು ತೆಗೆದುಕೊಂಡು ಎಡಗಾಲಲ್ಲಿ ಬಾರಿಸಿದಳು. ಗೋಲು ಕಾಯುವವಳು ಅಲುಗಾಡಲಿಲ್ಲ. ಇಡೀ ಮೈದಾನ ಎದ್ದು ಕೂಗಿತು.

ಹಾಗೆ ಚೆಂಡು ಬಿಡುವುದನ್ನು ನಾನು ಅವಳಿಗೆ ಕಲಿಸಿರಲಿಲ್ಲ. ನನಗೆ ಹೊಳೆಯುತ್ತಲೂ ಇರಲಿಲ್ಲ. ನನ್ನ ಆಟದ ದಿನಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅದು ಸುಟ್ಟಿತು ನನ್ನನ್ನು. ಹುಡುಗಿಯರೆಲ್ಲ ಅವಳ ಮೇಲೆ ಬಿದ್ದು ಕುಣಿದರು, ಅವಳು ನೀರು ಕುಡಿದಳು, ಜಡೆ ಸರಿಮಾಡಿಕೊಂಡಳು, ಮತ್ತೆ ತನ್ನ ಜಾಗಕ್ಕೆ ಹೋಗಿ ನಿಂತಳು. ಗೋಲು ಹೊಡೆದಾದ ಮೇಲೆ ಒಂದು ಸಲ, ಶಾಸ್ತ್ರಕ್ಕೆ ಅಂತಾದರೂ, ನನ್ನ ಕಡೆ ನೋಡಬಾರದಿತ್ತೇ? ಆ ಹೊತ್ತಿಗೆ ನನಗೆ ಬೇಕಾಗಿದ್ದದ್ದು ಅಷ್ಟೇ.

ವಾಪಸು ಬರುವ ಟೆಂಪೊದಲ್ಲಿ ಹುಡುಗಿಯರು ಗೆದ್ದ ಕಪ್ಪನ್ನೇ ಡೋಲು ಮಾಡಿಕೊಂಡು ಬಾರಿಸುತ್ತ ಹಾಡುತ್ತಿದ್ದರು. ಇನ್ನೂ ಬಿಸಿಲಿತ್ತು. ಆಕೆಯ ಫೋನು ಬಂತು.

“ಹೆಂಗಾತ್ರಿ ಅಣ್ಣಾರ?”

“ಗೆದ್ವಿ.”

“ಅದಲ್ರಿ. ಆಕಿ ನೋಡಿದ್ಲೇನು?”

ಹುಡುಗಿ ನನ್ನಿಂದ ಎರಡು ಸೀಟು ಮುಂದೆ ಕೂತಿದ್ದಳು. ಕಿಟಕಿಗೆ ತಲೆಯಾನಿಸಿ ನಗುತ್ತಿದ್ದಳು. ನಾನು ದನಿ ತಗ್ಗಿಸಿ, “ನೋಡಿದ್ಲು,” ಅಂದೆ. “ಐದಾರ ಸರ್ತಿ.”

“ಗೋಲ್ ಹೊಡಿಯೂ ಮುಂದ?”

“ಅವಾಗೂ ನೋಡಿದ್ಲು.”

“ಹಂಗಾರ ಈ ಸರ್ತಿ ಬ್ಯಾಡ ಬಿಡ್ರಿ. ಈಗ ಕರಕೊಂಡು ಹೋದ್ರ ಅಲ್ಲಿ ಒಬ್ಬಾಕೀನ ಹೆದರತಾಳ. ಇನ್ನಾ ಒಂದಿಷ್ಟ ದಿನಾ ನಿಮ್ಮ ಕಡೇನ ಇರ್ಲಿ.”

ನಿಮ್ಮ ಕಡೇನ ಇರ್ಲಿ! ಆ ಮಾತು ಎಷ್ಟು ಸಿಹಿಯಾಗಿ ಕೇಳಿಸಿತು ಅಂದರೆ, ದಾಂಡೇಲಿ ಬರುವವರೆಗೂ ಅದನ್ನೇ ಚಪ್ಪರಿಸುತ್ತ ಬಂದೆ. ಅವಳಿಗಿನ್ನೂ ಹದಿನೈದು, ಅವಸರ ಏನಿದೆ, ಪರೀಕ್ಷೆ ಬೇರೆ ಹತ್ತಿರ ಬಂತು ಅಂತ ನನ್ನ ಸುಳ್ಳಿಗೆ ನಾನೇ ಒಳ್ಳೊಳ್ಳೆಯ ಅಂಗಿ ತೊಡಿಸಿದೆ.

ಮರುದಿನ ಬೆಳಿಗ್ಗೆ ಮೈದಾನಕ್ಕೆ ಬಂದವಳೇ ಕೇಳಿದಳು. “ಸರ, ಮೇಡಂ ಏನಂದ್ರು?”

“ಈ ಸರ್ತಿ ಆಗಲಿಲ್ಲ. ನೀ ನನ್ನ ಕಡೆ ನೋಡಿದಿ.”

ಅವಳು ಇಲ್ಲ ಅನ್ನುತ್ತಾಳೆ ಅಂತ ನಾನು ತಯಾರಾಗಿಯೇ ಬಂದಿದ್ದೆ. ಬೈಯುವ ಮಾತುಗಳೂ ಸಿದ್ಧವಾಗಿದ್ದವು. ಆದರೆ ಅವಳು ನೆಲ ನೋಡುತ್ತ ಯೋಚಿಸಿದಳು. “ನೋಡಿದ್ನೇನ್ರಿ ಸರ? ನನಗ ನೆನಪ ಇಲ್ಲರಿ. ನೋಡಿಲ್ಲ ಅಂತನ ತಿಳಕೊಂಡಿದ್ದೆ.” ಆಮೇಲೆ, “ನೀವ ಹೇಳ್ತೀರಂದ್ರ ನೋಡೇ ಇರ್ತೇನಿ ಬಿಡ್ರಿ,” ಅಂದಳು.

ಅಲ್ಲಿಗೆ ಮುಗಿಯಲಿಲ್ಲ. ಅವಳು ಬ್ಯಾಗಿನಿಂದ ಯೂನಿಫಾರ್ಮಿನ ವೇಲ್ ತೆಗೆದು ತಲೆಗೆ ಸುತ್ತಿ, ಎರಡೂ ಕೆನ್ನೆಯ ಪಕ್ಕ ಮಡಿಕೆ ಮುಂದೆ ಬರುವಂತೆ ಗಟ್ಟಿಯಾಗಿ ಗಂಟು ಹಾಕಿಕೊಂಡಳು. ಟಾಂಗಾದ ಕುದುರೆಗೆ ಕಣ್ಣಿನ ಪಕ್ಕ ಪಟ್ಟಿ ಕಟ್ಟುತ್ತಾರಲ್ಲ, ಹಾಗೆ. ನಾನು ಅವಳ ಕಣ್ಣಿಗೆ ಬೀಳಬಾರದು ಅಂತ. ಪಕ್ಕದಿಂದ ಬಂದವರು ಕಾಣದೆ ಎರಡು ಸಲ ಡಿಕ್ಕಿ ಹೊಡೆದು ಬಿದ್ದಳು, ಮೊಣಕೈ ಕೆತ್ತಿಕೊಂಡಳು. ಎದ್ದು ಗಂಟು ಇನ್ನೂ ಬಿಗಿ ಮಾಡಿಕೊಂಡಳು. ಇಲ್ಲದ ತಪ್ಪನ್ನು ತಿದ್ದಿಕೊಳ್ಳುತ್ತಿದ್ದಳು ಹುಡುಗಿ. ತನ್ನ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದ್ದಳು.

ಸೋಮವಾರ, ಮಂಗಳವಾರ ಅದನ್ನು ನೋಡಿಕೊಂಡು ನಿಂತೆ. “ತಗಿ ಅದನ್ನ,” ಅಂತ ಎರಡು ಸಲ ಹೇಳಿದೆ. “ಇರ್ಲಿ ಬಿಡ್ರಿ ಸರ, ರೂಢಿ ಆಗಲಿ,” ಅಂದಳು. ಬುಧವಾರ ಮಧ್ಯಾಹ್ನ ಕ್ರೀಡಾ ಸಾಮಾನಿನ ಕೋಣೆಯ ಬಾಗಿಲು ಹಾಕಿಕೊಂಡು ಆಕೆಗೆ ಫೋನು ಮಾಡಿದೆ.

“ಹುಡುಗಿ ನೋಡಿರಲಿಲ್ಲ. ಒಂದ ಸರ್ತೀನೂ ನೋಡಿರಲಿಲ್ಲ. ನಾ ಸುಳ್ಳ ಹೇಳಿದೆ.”

“ಪಟ್ಟಿ ನಿನ್ನೆ ಹೋತ್ರಿ ಅಣ್ಣಾರ.” ಆಕೆಯ ದನಿ ತಣ್ಣಗಿತ್ತು. “ಯಾಕ ಹೇಳಿದ್ರಿ?”

“ಹೊಟ್ಟಿಕಿಚ್ಚು.”

“ಯಾರ ಮ್ಯಾಲ?”

“ಮೊದಲ ನಿನ್ನ ಮ್ಯಾಲ. ಆಮ್ಯಾಲ ಆಕಿ ಮ್ಯಾಲ.” ಅಷ್ಟು ದಿನದ ಮೇಲೆ ಬಾಯಿಂದ ‘ನಿನ್ನ’ ಅಂತ ಬಂದಿತ್ತು. ಅದು ಇಬ್ಬರಿಗೂ ಗೊತ್ತಾಯಿತು.

ಆಕೆ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. “ಇಪ್ಪತ್ತ ದಿನದ ಕ್ಯಾಂಪಿಗೆ ಮಕ್ಕಳು ಬರ್ತಾರ, ಹೋಗ್ತಾರ,” ಅಂದಳು. “ನಾ ಯಾರನ್ನೂ ಬೆಳಸಿಲ್ಲರಿ. ಜನಾ ನನಗ ಹಾರ ಹಾಕ್ತಾರ, ನಾನೂ ಹಾಕಿಸಿಕೊಳ್ತೇನಿ. ಬೆಳಸೂದು ಎಲ್ಲಾ ನಿಮ್ಮಂಥಾವ್ರು. ನಾಲ್ಕ ವರ್ಷ ಒಂದ ಹುಡುಗಿ ನಿಮ್ಮ ಮಾರಿ ನೋಡಿ ಬೆಳದಾಳ. ನನಗ ಅಂಥಾದ್ದೊಂದು ಸಿಕ್ಕಿಲ್ಲ. ನನಗೂ ನಿಮ್ಮನ್ನ ನೋಡಿದ್ರ ಹೊಟ್ಟಿ ಉರೀತೈತಿ, ಗೊತ್ತೇನು? ಆದ್ರ ನೀವ ಸುಳ್ಳ ಹೇಳಿದ್ರ ನಾ ಯಾರ ಮಾತ ಕೇಳಿ ತಂಡ ಕಟ್ಟಲಿ?”

ಮುಂದಿನ ಆಯ್ಕೆ ಮಳೆಗಾಲ ಮುಗಿದ ಮೇಲೆ, ಆಗ ತಾನೇ ಬಂದು ನೋಡುತ್ತೇನೆ ಅಂದಳು. “ಅಷ್ಟರಾಗ ಆಕೀಗೆ ಖರೇ ಸಂಗತಿ ಹೇಳ್ರಿ. ಅದನ್ನ ನಾ ಹೇಳಂಗಿಲ್ಲ,” ಅಂತ ಫೋನಿಟ್ಟಳು.

ರವಿವಾರ ಬಸ್ಸು ಹಿಡಿದು ಸಾಂಬ್ರಾಣಿಯಲ್ಲಿ ಇಳಿದು ಅವರ ಮನೆಗೆ ನಡೆದೆ. ಹುಡುಗಿಯೂ ಊರಿಗೆ ಬಂದಿದ್ದಳು. ತಾಯಿ ಅಂಗಳದಲ್ಲಿ ಭತ್ತ ಹರವಿ ಕಾಲಿನಿಂದ ಕೆದಕುತ್ತಿದ್ದಳು. ನನ್ನನ್ನು ನೋಡಿ ಗಡಬಡಿಸಿ ಕೈ ಒರೆಸಿಕೊಂಡು, “ಬರ್ರಿ ಸರ, ಕುಂದರ್ರಿ,” ಅಂತ ಕುರ್ಚಿ ತಂದು ಹಾಕಿದಳು. ಹುಡುಗಿ ಚಹಾ ತಂದುಕೊಟ್ಟಳು. ಅವಳ ಮೊಣಕೈಯ ಗಾಯಕ್ಕೆ ಹಕ್ಕಳೆ ಕಟ್ಟಿತ್ತು. ಚಹಾ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಏನೂ ಬಿಡಲಿಲ್ಲ, ಹೊಟ್ಟೆಕಿಚ್ಚಿನ ಮಾತನ್ನೂ.

ಹುಡುಗಿ ಬಾಗಿಲ ಚೌಕಟ್ಟಿಗೆ ಆತು ನಿಂತಿದ್ದಳು. “ಹಂಗಾರ ನಾ ನೋಡಿರಲಿಲ್ಲೇನ್ರಿ?”

“ಇಲ್ಲ.”

“ಒಂದ ಸರ್ತೀನೂ?”

“ಒಂದ ಸರ್ತೀನೂ ಇಲ್ಲವಾ.”

ಅವಳ ಮುಖ ಅರಳಿತು. ನಾನು ಕಣ್ಣೀರಿಗೆ, ಸಿಟ್ಟಿಗೆ ತಯಾರಾಗಿ ಹೋದವನು. ಆ ನಗುವಿಗೆ ತಯಾರಾಗಿರಲಿಲ್ಲ. “ನೋಡವ್ವಾ, ನಾ ಹೇಳಿರಲಿಲ್ಲೇನು?” ಅಂದಳು ತಾಯಿಗೆ. ಕ್ಯಾಂಪಿನ ಸಂಗತಿ ಅವಳಿಗೆ ನಿಧಾನವಾಗಿ ಹೊಳೆಯಿತು. ನಗು ಹೋಯಿತು. ತುಟಿ ಬಿಗಿದುಕೊಂಡು ನನ್ನ ಮುಂದೆ ಬಂದು ಕೈಚಾಚಿದಳು.

“ಸರ, ಮೇಡಂ ನಂಬರ್ ಹಚ್ಚಿ ಕೊಡ್ರಿ. ನಾನ ಮಾತಾಡ್ತೇನಿ.”

ನಂಬರ್ ಹಚ್ಚಿ ಕೊಟ್ಟೆ. ಅವಳು ಫೋನು ಕಿವಿಗಿಟ್ಟುಕೊಂಡು ಕೊಯ್ಲಾದ ಗದ್ದೆಯ ಬದುವಿನ ಮೇಲೆ ನಡೆಯುತ್ತ ದೂರ ಹೋದಳು. ಮಾತು ನಡೆದೇ ಇತ್ತು, ಇಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ. ಏನು ಹೇಳುತ್ತಿದ್ದಾಳೆ, ನನ್ನ ಬಗ್ಗೆ ಏನು ಹೇಳುತ್ತಿದ್ದಾಳೆ ಅಂತ ಕುರ್ಚಿಯ ತುದಿಗೆ ಬಂದು ಕೂತೆ. ಎಲ್ಲ ಒಪ್ಪಿಕೊಂಡು ಬಂದ ಆ ಗಳಿಗೆಯಲ್ಲೂ ನನ್ನೊಳಗೆ ಅದೇ ಉರಿ ಇತ್ತು. ಅವಳು ಅಷ್ಟು ಹೊತ್ತು ನನ್ನ ಜೊತೆ ಎಂದೂ ಮಾತಾಡಿರಲಿಲ್ಲ.

ತಾಯಿ ಮತ್ತೆ ಭತ್ತ ಕೆದಕಲು ಶುರುಮಾಡಿದಳು. ನನ್ನ ಮೇಲೆ ಕೂಗಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಅಂಗಳದ ಆ ತುದಿಯವರೆಗೆ ಹೋಗಿ ತಿರುಗಿ ಬಂದು ನನ್ನ ಮುಂದೆ ನಿಂತಳು.

“ಸರ, ನೀವ ಆಕೀಗೆ ಕಲಿಸೀರಿ, ಅದನ್ನ ನಾವ ಮರಿಯಂಗಿಲ್ಲ,” ಅಂದಳು. “ಆದ್ರ ಇನ್ನ ಮ್ಯಾಲ ಆಕಿ ಬಗ್ಗೆ ಯಾರರ ನಿಮ್ಮನ್ನ ಕೇಳಿದ್ರ, ಆಕೀನ್ನ ಕೇಳ್ರಿ ಅಂತ ಹೇಳ್ರಿ.”

ಹೂಂ ಅಂದೆ.